ನೀಲವ್ವ ಹುಟ್ಟು ಬಿಟ್ಟು ಹೋದದ್ದು ಯಾರಿಗೆ?

ಹೊಳೆಗಳಿಗೆ ಇನ್ನೂ ಸೇತುವೆ ಕಟ್ಟದ ಕಾಲ. ಕಲ್ಲಹೊಳೆ ಅಂತ ಒಂದು ರಾಜ್ಯ. ರಾಜ್ಯದ ನಡುವೆ ಒಂದು ಹೊಳೆ. ಈಚೆ ದಡದಲ್ಲಿ ಬಿದಿರೂರು, ಆಚೆ ದಡದಲ್ಲಿ ಜಾಲಿಕಟ್ಟೆ. ಎರಡಕ್ಕೂ ಸೇರಿ ಒಂದೇ ಒಂದು ಹರಿಗೋಲು.

ಆ ಹರಿಗೋಲು ಯಾರದು ಅಂತ ಕೇಳಿದರೆ, ಯಾರದೂ ಅಲ್ಲ. ಅದನ್ನು ನಡೆಸುವ ಹುಟ್ಟು ದಡದ ಚಪ್ಪಡಿ ಕಲ್ಲಿನ ಮೇಲೆ ಇರುತ್ತಿತ್ತು. ಬೇಕಾದವರು ಎತ್ತಿಕೊಳ್ಳಬೇಕು, ದಾಟಬೇಕು, ಕೆಲಸ ಮುಗಿದ ಮೇಲೆ ಕಲ್ಲಿನ ಮೇಲೆ ಇಡಬೇಕು. ಅಷ್ಟೇ ಕಟ್ಟಳೆ.

ಬಿದಿರೂರಿನಲ್ಲಿ ಹುಲಿಗೆವ್ವ ಅಂತ ಒಬ್ಬಳಿದ್ದಳು. ಹರಿಗೋಲು ಹೆಣೆಯುವುದು ಅವಳ ಕಸುಬು. ಎರಡೂ ದಡಕ್ಕೆ ಸೂಲಗಿತ್ತಿಯೂ ಅವಳೇ. ವರ್ಷಕ್ಕೆ ಒಂದು ದಿನ ಅವಳಿಗೆ ಇನ್ನೊಂದು ಕೆಲಸ. ಹೊಳೆಗೆ ಹೊಸ ನೀರು ಬಂದ ದಿನ ಊರೆಲ್ಲ ದಡದಲ್ಲಿ ಸೇರುತ್ತಿತ್ತು. ಹುಲಿಗೆವ್ವ ನೀಲವ್ವನ ಕಥೆ ಹೇಳುತ್ತಿದ್ದಳು.

ಕಥೆ ಇಷ್ಟೇ. ಬಹಳ ಹಿಂದೆ ಈ ಹೊಳೆಗೆ ಹರಿಗೋಲೇ ಇರಲಿಲ್ಲ. ನೀಲವ್ವ ಅನ್ನುವ ಹೆಂಗಸು ಬಿದಿರು ಸೀಳಿ, ಹೆಣೆದು, ಮೇಲೆ ತೊಗಲು ಹೊಲಿದು ಒಂದು ಹರಿಗೋಲು ಮಾಡಿದಳು. ಊರು ನಕ್ಕಿತು. ಬುಟ್ಟಿಯಲ್ಲಿ ಕೂತು ಹೊಳೆ ದಾಟುತ್ತಾಳಂತೆ ಅಂತ ಹಂಗಿಸಿತು. ಆ ವರ್ಷ ಹೊಳೆ ಊರೊಳಗೆ ನುಗ್ಗಿತು. ನೀಲವ್ವ ಮೊದಲನೇ ಸಲ ಮಕ್ಕಳನ್ನು ದಾಟಿಸಿದಳು. ಎರಡನೇ ಸಲ ಮುದುಕರನ್ನು ದಾಟಿಸಿದಳು. ಮೂರನೇ ಸಲ, ನಕ್ಕವರನ್ನು ದಾಟಿಸಿದಳು. ಆಮೇಲೆ ಹುಟ್ಟನ್ನು ಚಪ್ಪಡಿ ಕಲ್ಲಿನ ಮೇಲೆ ಇಟ್ಟಳು. ಒಂದು ಮಾತೂ ಆಡಲಿಲ್ಲ. ಹೊಳೆಯ ಗುಂಟ ನಡೆದಳು. ಒಮ್ಮೆ ತಿರುಗಿ ನೋಡಿದಳು. ಮತ್ತೆ ಬರಲಿಲ್ಲ.

ಕಥೆ ಅಲ್ಲಿಗೆ ನಿಲ್ಲುತ್ತದೆ. ಯಾಕೆ ಹೋದಳು, ಯಾಕೆ ತಿರುಗಿ ನೋಡಿದಳು, ಕಥೆ ಹೇಳುವುದಿಲ್ಲ. ಹೇಳುವುದು ಕೇಳಿದವರ ಕೆಲಸ. ಯಾರು ಏನು ಬೇಕಾದರೂ ಹೇಳಬಹುದು. ಆದರೆ ಹೇಳಿದ ಕೂಡಲೇ ಉಳಿದವರು ಒಂದು ಪ್ರಶ್ನೆ ಕೇಳುತ್ತಾರೆ: “ಯಾವ ಮಾತಿನ ಮೇಲೆ?” ಕಥೆಯ ಯಾವ ಮಾತಿನಿಂದ ಈ ಅರ್ಥ ಬಂತು ಅಂತ ತೋರಿಸಬೇಕು. ತೋರಿಸಲಾಗದವರು ಸುಮ್ಮನೆ ಕೂರಬೇಕು.

ಕುಂಬಾರ ಸಿದ್ದಮ್ಮ ಪ್ರತಿ ವರ್ಷ ಹೇಳುತ್ತಿದ್ದಳು, ನೀಲವ್ವನಿಗೆ ಊರಿನ ಮೇಲೆ ಸಿಟ್ಟು ಅಂತ. ಯಾವ ಮಾತಿನ ಮೇಲೆ? ಒಂದು ಮಾತೂ ಆಡಲಿಲ್ಲ ಅಂತ ಇದೆಯಲ್ಲ, ಅದರ ಮೇಲೆ. ಕುರಿ ಕಾಯುವ ಮೈಲಾರಪ್ಪ ಅದನ್ನು ಒಪ್ಪುತ್ತಿರಲಿಲ್ಲ. ಸಿಟ್ಟಿದ್ದವಳು ತಿರುಗಿ ನೋಡುತ್ತಾಳೇನು, ನೀನು ನಿನ್ನ ಗಂಡನ ಮೇಲೆ ಸಿಟ್ಟಾದಾಗ ತಿರುಗಿ ನೋಡಿದ್ದೀಯಾ ಅಂತ ಕೇಳುತ್ತಿದ್ದ. ದಡವೆಲ್ಲ ನಗುತ್ತಿತ್ತು. ಹುಲಿಗೆವ್ವ ಮಾತ್ರ ಏನೂ ಹೇಳುತ್ತಿರಲಿಲ್ಲ. ಮೂವತ್ತು ವರ್ಷ ಕಥೆ ಹೇಳಿದ್ದಳು. ನೀಲವ್ವ ಯಾಕೆ ಹೋದಳು ಅನ್ನುವುದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ಒಂದು ವರ್ಷ ಹೊಸ ನೀರಿನ ದಿನ ಅರಮನೆಯಿಂದ ತ್ರಿಲೋಚನ ಪಂಡಿತ ಬಂದ. ಆಸ್ಥಾನದಲ್ಲಿ ಗೂಢಾರ್ಥ ಹೇಳುವವನು ಅವನೇ. ಕೊಡೆ ಹಿಡಿಸಿಕೊಂಡು ಕೂತ. ಹುಲಿಗೆವ್ವ ಕಥೆ ಹೇಳುತ್ತಿದ್ದರೆ ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕಥೆ ಮುಗಿಯಿತು. ಪಂಡಿತ ಬಾಯಿ ಒರೆಸಿಕೊಂಡು, ನೀವೆಲ್ಲ ಸಿಪ್ಪೆ ತಿನ್ನುವವರು, ತಿರುಳು ನಿಮಗೆ ಸಿಕ್ಕಿಲ್ಲ ಅಂದ. ಹುಟ್ಟು ಅಂದರೆ ಅಧಿಕಾರ. ಕಲ್ಲು ಅಂದರೆ ಸಿಂಹಾಸನ. ಅಧಿಕಾರ ಜನರ ಕೈಯಲ್ಲಿ ಇರಬಾರದು, ತಿಳಿದವನ ವಶದಲ್ಲಿರಬೇಕು ಅನ್ನುವುದೇ ನೀಲವ್ವನ ಒಳಮಾತು ಅಂತ ಬಿಡಿಸಿ ಹೇಳಿದ.

“ಯಾವ ಮಾತಿನ ಮೇಲೆ, ಬುದ್ಧಿ?” ಅಂತ ಮೈಲಾರಪ್ಪ ಕೇಳಿದ.

“ಅದು ಮಾತಿನಲ್ಲಿ ಇರೋದಲ್ಲಪ್ಪ, ಮಾತಿನ ಹಿಂದೆ ಇರೋದು. ಕುರಿ ಕಾಯೋರಿಗೆ ಕಾಣೋದಿಲ್ಲ” ಅಂದ ಪಂಡಿತ.

ಎಂಟು ದಿನದಲ್ಲಿ ಅರಮನೆಯ ಆಳುಗಳು ಬಂದರು. ಕಲ್ಲಿನ ಮೇಲಿದ್ದ ಹುಟ್ಟನ್ನು ಎತ್ತಿಕೊಂಡು ಹೋದರು. ಈ ಅರ್ಥವನ್ನು ರಾಜ ಒಪ್ಪಿದ್ದಾನೆ ಅಂದರು. ಹುಟ್ಟನ್ನು ಪಂಡಿತನ ತೋಟದ ಮನೆಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಪಂಡಿತನ ಭಾವಮೈದುನನ ಸೊಂಟದಲ್ಲಿ. ಹೊಳೆ ದಾಟಬೇಕಾದವರು ಒಂದು ದಿನ ಪಂಡಿತನ ತೋಟದಲ್ಲಿ ಬಿಟ್ಟಿ ದುಡಿಯಬೇಕು. ಆಮೇಲೆ ಒಂದು ಸಲ ದಾಟಬಹುದು.

ಸಿದ್ದಮ್ಮನ ತಾಯಿ ಜಾಲಿಕಟ್ಟೆಯಲ್ಲಿದ್ದಳು. ಒಂದು ಬೆಳಿಗ್ಗೆ ಆಚೆ ದಡದವರು ಕೂಗಿ ಹೇಳಿದರು, ನಿನ್ನವ್ವನಿಗೆ ಬಹಳ ಆಗಿದೆ, ಬೇಗ ಬಾ ಅಂತ. ಸಿದ್ದಮ್ಮ ತೋಟಕ್ಕೆ ಓಡಿದಳು. ಕೈ ಮುಗಿದಳು, ಕಾಲು ಹಿಡಿದಳು. ಮೊದಲು ಕಳೆ ಕೀಳು ಅಂದ ಭಾವಮೈದುನ. ಹೊತ್ತು ಇಳಿಯುವ ತನಕ ಕಳೆ ಕಿತ್ತಳು. ದಾಟಿ ಹೋದಾಗ ತಾಯಿಯನ್ನು ಮಣ್ಣು ಮಾಡಿ ಆಗಿತ್ತು.

ಮರಳಿ ಬಂದ ಸಿದ್ದಮ್ಮನ ಮಣ್ಣು ಮೆತ್ತಿದ ಬೆರಳನ್ನು ಹುಲಿಗೆವ್ವ ನೋಡಿದಳು. ಮನೆಗೆ ಹೋಗಿ ಬಾಚಿ ತೆಗೆದುಕೊಂಡು ಹೊಸ ಹುಟ್ಟು ಕೆತ್ತಿದಳು, ತಂದು ಕಲ್ಲಿನ ಮೇಲಿಟ್ಟಳು. ಆಳುಗಳು ಅದನ್ನು ಮುರಿದರು. ಕೆತ್ತಿದವಳು ಇನ್ನು ಮುಂದೆ ಹೊಳೆ ದಾಟುವಂತೆಯೇ ಇಲ್ಲ ಅಂತ ಪಂಡಿತನ ಅಪ್ಪಣೆ ಆಯಿತು.

ಹುಲಿಗೆವ್ವನ ಮಗಳು ದುರುಗವ್ವನನ್ನು ಜಾಲಿಕಟ್ಟೆಗೆ ಕೊಟ್ಟಿತ್ತು. ಅವಳಿಗೆ ಒಂಬತ್ತು ತಿಂಗಳು. ಚೊಚ್ಚಲು. ಅಮಾವಾಸ್ಯೆ ಕಳೆದರೆ ದಿನ ತುಂಬುತ್ತದೆ. ಎರಡು ದಡದ ಮಕ್ಕಳನ್ನು ಎತ್ತಿದ ಕೈ, ಮಗಳ ಕೂಸನ್ನು ಎತ್ತುವ ಹಾಗಿಲ್ಲ. ಅಮಾವಾಸ್ಯೆಗೆ ಐದು ದಿನ ಉಳಿದಿತ್ತು. ಹುಲಿಗೆವ್ವ ರೊಟ್ಟಿ ಬುತ್ತಿ ಕಟ್ಟಿಕೊಂಡು ಅರಮನೆಯ ದಾರಿ ಹಿಡಿದಳು.

ಅವಳಿಗೆ ಪಂಡಿತನ ಮೇಲೆ ಸಿಟ್ಟು. ರಾಜನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಆದರೆ ಸಿಟ್ಟು ತೋರಿಸಿದರೆ ಬಾಗಿಲಲ್ಲೇ ತಳ್ಳುತ್ತಾರೆ. ನಡೆಯುತ್ತಾ ತನ್ನ ಕಸುಬು ನೆನೆದಳು. ಹರಿಗೋಲಿನೊಳಗೆ ನೀರು ಜಿನುಗಿದರೆ ತೂತು ಹುಡುಕುವುದಕ್ಕೆ ಒಂದು ಕ್ರಮವಿದೆ. ಒಂದು ಹೊಲಿಗೆಯ ಮೇಲೆ ಬೆರಳೊತ್ತಿ ಹಿಡಿಯಬೇಕು. ನೀರು ನಿಂತರೆ ತೂತು ಅಲ್ಲೇ. ನಿಲ್ಲದಿದ್ದರೆ ಅಲ್ಲಿಲ್ಲ, ಬೇರೆ ಕಡೆ. ಅರಮನೆ ಕಾಣುವ ಹೊತ್ತಿಗೆ ಹುಲಿಗೆವ್ವನಿಗೆ ಮಾಡಬೇಕಾದದ್ದು ಗೊತ್ತಾಗಿತ್ತು.

ರಾಜನ ಮುಂದೆ ಕೈ ಮುಗಿದು ನಿಂತಳು. ನೀಲವ್ವನ ಕಥೆ ಹೇಳುವವಳು ನಾನೇ, ಮಹಾಸ್ವಾಮಿಗಳು ಒಮ್ಮೆಯೂ ಅದನ್ನು ಕೇಳಿಲ್ಲ, ಕೇಳಿಸಬೇಕು ಅಂತ ಆಸೆ ಅಂದಳು. ಮೂರು ದಿನ ಹೇಳುತ್ತೇನೆ, ಪಂಡಿತರು ಮೂರು ದಿನವೂ ಅರ್ಥ ಬಿಡಿಸಲಿ. ಅವರ ಅರ್ಥ ಕಥೆಯಿಂದ ಬಂದದ್ದು ಅಂತ ನಿಮಗೆ ಅನ್ನಿಸಿದರೆ ಸಾಯುವ ತನಕ ಅವರ ತೋಟದಲ್ಲಿ ದುಡಿಯುತ್ತೇನೆ. ಅಲ್ಲ ಅನ್ನಿಸಿದರೆ ಹುಟ್ಟು ಕಲ್ಲಿಗೆ ಮರಳಬೇಕು.

ಪಂಡಿತ ನಕ್ಕ. “ನನಗೆ ಅರ್ಥ ಸಿಗದ ಮಾತು ಈ ರಾಜ್ಯದಲ್ಲೇ ಇಲ್ಲ. ಮೂರು ಯಾಕೆ, ಮೂವತ್ತು ದಿನ ಹೇಳವ್ವ” ಅಂದ. ರಾಜ ಒಪ್ಪಿದ.

ಮೊದಲನೇ ದಿನ ಸಭೆ ಸೇರಿತು. ಹುಲಿಗೆವ್ವ ಕಥೆ ಶುರು ಮಾಡಿದಳು. ಬಿದಿರು ಸೀಳಿದ್ದು, ಊರು ನಕ್ಕಿದ್ದು, ಮೂರು ಸಲ ದಾಟಿಸಿದ್ದು, ಎಲ್ಲ ಹೇಳಿದಳು. ಕೊನೆಗೆ ಬಂದಾಗ, ನೀಲವ್ವ ಹುಟ್ಟನ್ನು ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ ಹೊಳೆಗೆ ಎಸೆದಳು ಅಂದಳು.

ಪಂಡಿತ ಎಲೆ ಮಡಿಚುತ್ತಲೇ ಅರ್ಥ ಹೇಳಿದ. ಜನರ ನಡುವೆ ಅಧಿಕಾರ ಮುರಿದುಹೋಗುತ್ತದೆ, ನೋಡಿ. ಆದ್ದರಿಂದ ಹುಟ್ಟು ತಿಳಿದವನ ವಶದಲ್ಲಿರಬೇಕು. ಸಭೆ ತಲೆದೂಗಿತು.

ಎರಡನೇ ದಿನ ಮತ್ತೆ ಅದೇ ಬಿದಿರು, ಅದೇ ನಗು, ಅದೇ ಮೂರು ಸಲ. ಕೊನೆಗೆ ಬಂದಾಗ, ನೀಲವ್ವ ಊರನ್ನು ಕರೆದು, ಈ ಹುಟ್ಟು ನಿಮ್ಮೆಲ್ಲರದು, ಯಾವೊಬ್ಬನಿಗೂ ಕೊಡಬೇಡಿ ಅಂತ ಬಾಯಿಬಿಟ್ಟು ಹೇಳಿದಳು ಅಂದಳು.

ರಾಜ ಹುಬ್ಬು ಗಂಟಿಕ್ಕಿದ. ನಿನ್ನೆ ಮುರಿದ ಹುಟ್ಟು ಇವತ್ತು ಇಡಿಯಾಗಿ ಹೇಗೆ ಬಂತು ಅಂತ ಕೇಳಿದ. ಹುಲಿಗೆವ್ವ ತಲೆ ತಗ್ಗಿಸಿ, ಮೂರನೇ ದಿನ ಮುಗಿಯಲಿ, ಎಲ್ಲಾ ಹೇಳ್ತೀನಿ ಅಂದಳು. ಪಂಡಿತ ಮಾತ್ರ ತಬ್ಬಿಬ್ಬಾಗಲಿಲ್ಲ. ಮೇಲಿನ ಹೊದಿಕೆ ಬದಲಾಗುತ್ತದೆ, ಒಳಗಿನ ತಿರುಳು ಬದಲಾಗುವುದಿಲ್ಲ ಅಂದ. ಬಾಯಿಬಿಟ್ಟು ಹೇಳಿದ ಮಾತು ದಡ್ಡರಿಗೆ, ಅದನ್ನು ತಿರುಗಿಸಿದರೆ ಸಿಗುವುದು ಜಾಣರಿಗೆ. ಎಲ್ಲರದು ಅಂದರೆ ಒಬ್ಬನದು. ಆದ್ದರಿಂದ ಹುಟ್ಟು ತಿಳಿದವನ ವಶದಲ್ಲಿರಬೇಕು. ಈ ಸಲ ಸಭೆಯಲ್ಲಿ ಅರ್ಧ ಜನ ತಲೆದೂಗಿದರು. ಉಳಿದರ್ಧ ಪಕ್ಕದವರ ಮುಖ ನೋಡಿದರು.

ಮೂರನೇ ದಿನ ಬಂತು. ಹುಲಿಗೆವ್ವ ಎದ್ದು ನಿಂತಳು. ಇವತ್ತು ನನ್ನ ಹತ್ತಿರ ನೀಲವ್ವನ ಕಥೆ ಇಲ್ಲ, ಬೆಳಿಗ್ಗೆ ಛತ್ರದಲ್ಲಿ ರೊಟ್ಟಿ ಬಡಿದ ಕಥೆ ಮಾತ್ರ ಇದೆ, ಇಷ್ಟು ಸಣ್ಣ ಮಾತಿಗೆ ಪಂಡಿತರಿಂದ ಅರ್ಥ ಹೇಳಲು ಆಗುತ್ತದೋ ಇಲ್ಲವೋ ಅಂದಳು. ಪಂಡಿತನಿಗೆ ರೋಷ ಬಂತು. ಏನು ಬೇಕಾದರೂ ಹೇಳು ಅಂದ.

“ಜೋಳದ ಹಿಟ್ಟಿಗೆ ಬಿಸಿ ನೀರು ಹಾಕಿ ನಾದಿದೆ. ತಟ್ಟಿದೆ. ಹೆಂಚಿನ ಮೇಲೆ ಹಾಕಿದೆ. ಮೂರು ರೊಟ್ಟಿ ಆದವು. ಒಂದು ಸೀದುಹೋಯಿತು. ಅದನ್ನ ನಾಯಿಗೆ ಹಾಕಿದೆ. ಇಷ್ಟೇ, ಬುದ್ಧಿ” ಅಂದಳು ಹುಲಿಗೆವ್ವ.

ಪಂಡಿತ ಕಣ್ಣು ಮುಚ್ಚಿದ. ಗಂಭೀರನಾದ. ಹಿಟ್ಟು ಅಂದರೆ ಪ್ರಜೆಗಳು ಅಂದ. ಹೆಂಚು ಅಂದರೆ ರಾಜ್ಯ. ಸೀದ ರೊಟ್ಟಿ ಅಂದರೆ ಅಪ್ಪಣೆ ಮೀರಿದವರು. ನಾಯಿ ಅಂದರೆ ಕಾಲ. ಇನ್ನೂ ಹೇಳುತ್ತಾ ಹೋದ. ಕೊನೆಗೆ ಕಣ್ಣು ಬಿಟ್ಟು, “ಆದ್ದರಿಂದ ಹುಟ್ಟು ತಿಳಿದವನ ವಶದಲ್ಲಿರಬೇಕು” ಅಂದ.

ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಮುಂದಿನ ಸಾಲು. ಆಮೇಲೆ ಚಾಮರ ಬೀಸುವವರು. ರಾಜ ನಗಲಿಲ್ಲ. ರೊಟ್ಟಿಯಲ್ಲಿ ಹುಟ್ಟು ಎಲ್ಲಿತ್ತು ಪಂಡಿತರೇ ಅಂತ ಕೇಳಿದ. ಪಂಡಿತ ಎಲೆಗೆ ಸುಣ್ಣ ಹಚ್ಚತೊಡಗಿದ.

ಆಗ ಹುಲಿಗೆವ್ವ ಮುಂದೆ ಬಂದಳು. “ಮಹಾಸ್ವಾಮಿ, ಹರಿಗೋಲಿಗೆ ನೀರು ಬಂದರೆ ನಾನು ಹೊಲಿಗೆ ಮೇಲೆ ಬೆರಳಿಟ್ಟು ನೋಡ್ತೀನಿ. ನಿಜವಾದ ಕಥೆಯಲ್ಲಿ ನೀಲವ್ವ ಹುಟ್ಟನ್ನ ಕಲ್ಲಿನ ಮೇಲೆ ಇಟ್ಟಳು. ನಾನು ಒಂದು ದಿನ ಅದನ್ನ ಮುರಿದೆ. ಒಂದು ದಿನ ಊರಿಗೇ ಕೊಟ್ಟೆ. ಒಂದು ದಿನ ಕಥೆಯನ್ನೇ ತೆಗೆದುಹಾಕಿದೆ. ಮೂರು ಕಡೆ ಮುಚ್ಚಿದರೂ ಪಂಡಿತರ ಅರ್ಥ ಜಿನುಗೋದು ನಿಲ್ಲಲಿಲ್ಲ. ಹಂಗಾದ್ರೆ ಅದು ಕಥೆಯಿಂದ ಬಂದದ್ದಲ್ಲ.”

“ಮತ್ತೆ ಎಲ್ಲಿಂದ ಬಂತು?” ಅಂದ ರಾಜ.

“ಅವರ ತೋಟದಲ್ಲಿ ಕಳೆ ಜಾಸ್ತಿ, ಮಹಾಸ್ವಾಮಿ. ಬಿಟ್ಟಿ ಕೀಳೋರು ಬೇಕಾಗಿತ್ತು.”

ರಾಜ ಅಲ್ಲೇ ತೀರ್ಪು ಕೊಟ್ಟ. ಪಂಡಿತ ತಾನೇ ತೋಟದ ಮನೆಯಿಂದ ಹುಟ್ಟನ್ನು ಹೆಗಲ ಮೇಲೆ ಹೊತ್ತು ನಡೆದು ಹೋಗಿ ಕಲ್ಲಿನ ಮೇಲಿಡಬೇಕು. ತಾನು ದುಡಿಸಿಕೊಂಡವರ ಹೊಲದಲ್ಲಿ ಅಷ್ಟೇ ದಿನ ಕಳೆ ಕೀಳಬೇಕು. ಪ್ರತಿ ವರ್ಷ ಹೊಸ ನೀರಿನ ದಿನ ನೆಲದ ಮೇಲೆ ಕೂತು ಕಥೆ ಕೇಳಬೇಕು. ಯಾವ ಮಾತಿನ ಮೇಲೆ ಅಂತ ತೋರಿಸಲು ಬರುವ ತನಕ ಬಾಯಿ ತೆರೆಯಬಾರದು. ತೀರ್ಪು ಮುಗಿಸಿ ರಾಜ ಹುಲಿಗೆವ್ವನ ಕಡೆ ತಿರುಗಿದ. ಏನು ಬೇಕು ಕೇಳು, ಬಹುಮಾನ ಕೊಡುತ್ತೇನೆ ಅಂದ.

ಅಷ್ಟು ಹೊತ್ತು ತಡೆದಿಟ್ಟಿದ್ದ ಸಿಟ್ಟು ಆಗ ಹೊರಗೆ ಬಂತು. ದನಿ ಏರಲಿಲ್ಲ.

“ಬಹುಮಾನ ಬ್ಯಾಡ. ಯಾವ ಮಾತಿನ ಮೇಲೆ ಅಂತ ನಮ್ಮ ಕುರಿ ಕಾಯೋನು ಕೇಳಿದ. ನೀವು ಕೇಳಲಿಲ್ಲ. ನೀವೊಮ್ಮೆ ಕೇಳಿದ್ದರೆ ಸಿದ್ದಮ್ಮ ಅವಳ ಅವ್ವನ ಮುಖ ನೋಡ್ತಿದ್ದಳು. ಅದನ್ನ ಯಾವ ಬಹುಮಾನದಲ್ಲಿ ಕೊಡ್ತೀರಿ?”

ರಾಜ ತಲೆ ತಗ್ಗಿಸಿದ. ಹುಲಿಗೆವ್ವ ಅಪ್ಪಣೆಗೆ ಕಾಯದೆ ಹೊರಟಳು.

ಅಮಾವಾಸ್ಯೆಯ ಬೆಳಿಗ್ಗೆ ಹೊಳೆಯ ದಡ ಮುಟ್ಟಿದಳು. ಪಂಡಿತ ಹುಟ್ಟು ಹೊತ್ತು ಅವಳ ಹಿಂದೆ ಏದುಸಿರು ಬಿಡುತ್ತಾ ಬಂದ. ಮೈಲಾರಪ್ಪ ದಡದಲ್ಲಿ ಕುರಿ ಮೇಯಿಸುತ್ತಿದ್ದ. ಹೆಗಲಿನ ಮೇಲೆ ಏನದು ಬುದ್ಧಿ, ಅಧಿಕಾರವೇ, ಭಾರ ಇದೆಯೇ ಅಂತ ವಿಚಾರಿಸಿದ. ಪಂಡಿತ ಅದನ್ನು ಕಲ್ಲಿನ ಮೇಲಿಟ್ಟು ಬೆವರು ಒರೆಸಿಕೊಂಡ. ಹುಲಿಗೆವ್ವ ಎತ್ತಿಕೊಂಡು ಹರಿಗೋಲು ಹತ್ತಿದಳು.

ಎರಡು ದಿನಕ್ಕೆ ದುರುಗವ್ವನಿಗೆ ಹೆಣ್ಣು ಕೂಸು ಆಯಿತು. ಅಜ್ಜಿಯ ಕೈಗೇ ಬಂತು.

ಬಾಣಂತನ ಮುಗಿಸಿ ಹುಲಿಗೆವ್ವ ಈಚೆ ದಡಕ್ಕೆ ಮರಳಿದಳು. ಹುಟ್ಟನ್ನು ಕಲ್ಲಿನ ಮೇಲಿಟ್ಟಳು. ನಾಲ್ಕು ಹೆಜ್ಜೆ ನಡೆದಳು. ಯಾಕೋ ಒಮ್ಮೆ ತಿರುಗಿ ನೋಡಿದಳು. ಆಗಲೇ ಸಿದ್ದಮ್ಮ ತಲೆ ಮೇಲೆ ಮಡಕೆ ಹೊತ್ತು ಬಂದು, ಹುಟ್ಟನ್ನು ಎತ್ತಿಕೊಳ್ಳುತ್ತಿದ್ದಳು. ಹುಲಿಗೆವ್ವನಿಗೆ ಸಮಾಧಾನವಾಯಿತು. ಮನೆಯ ಕಡೆ ನಡೆದಳು.

ಮುಂದಿನ ವರ್ಷ ಹೊಸ ನೀರಿನ ದಿನ, ಮೂವತ್ತು ವರ್ಷದಲ್ಲಿ ಮೊದಲ ಸಲ, ಅವಳೂ ಒಂದು ಅರ್ಥ ಹೇಳಿದಳು. ಹುಟ್ಟನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೋ ಇಲ್ಲವೋ ಅಂತ ನೋಡಲು ನೀಲವ್ವ ತಿರುಗಿದ್ದಳು, ಎತ್ತಿಕೊಂಡರು, ಅದಕ್ಕೇ ಮತ್ತೆ ಬರಲಿಲ್ಲ ಅಂದಳು.

“ಯಾವ ಮಾತಿನ ಮೇಲೆ?” ಅಂತ ದಡವೆಲ್ಲ ಕೇಳಿತು.

ಹುಟ್ಟನ್ನು ಕಲ್ಲಿನ ಮೇಲೆ ಇಟ್ಟಳು, ಒಮ್ಮೆ ತಿರುಗಿ ನೋಡಿದಳು ಅಂತ ಇದೆಯಲ್ಲ, ಅದರ ಮೇಲೆ ಅಂದಳು ಹುಲಿಗೆವ್ವ. ಮೈಲಾರಪ್ಪ ಒಪ್ಪಲಿಲ್ಲ. ಸಿದ್ದಮ್ಮನೂ ಒಪ್ಪಲಿಲ್ಲ, ಸಿಟ್ಟೇ ಅಂದಳು. ವಾದ ಹೊತ್ತು ಮುಳುಗುವ ತನಕ ನಡೆಯಿತು. ತ್ರಿಲೋಚನ ಪಂಡಿತ ನೆಲದ ಮೇಲೆ ಬಾಯಿ ಮುಚ್ಚಿ ಕೂತಿದ್ದ.

ಕೇಳಿದಿರಲ್ಲ ಮಕ್ಕಳೇ, ನೀತಿ ಇಷ್ಟು. ಒಂದು ಕಥೆಗೆ ಎಷ್ಟು ಅರ್ಥ ಬೇಕಾದರೂ ಇರಬಹುದು. ಆದರೆ ಪ್ರತಿಯೊಂದು ಅರ್ಥವೂ ಕಥೆಯ ಮಾತಿಗೆ ಉತ್ತರ ಕೊಡಬೇಕು. ಕಥೆ ಬದಲಾದರೂ ಬದಲಾಗದ ಅರ್ಥ ಹೇಳುವವನ ಆಸೆಯೇ ಹೊರತು ಅರ್ಥವಲ್ಲ. ಅಂಥವನು ಎದುರಿಗೆ ಬಂದು ಕೂತರೆ ಹೆದರಬೇಡಿ. ಯಾವ ಮಾತಿನ ಮೇಲೆ ಅಂತ ಕೇಳಿ. ಈ ಕಥೆ ಹೇಳಿದ ನನ್ನನ್ನೂ ಕೇಳಿ.