ಭೋಗ್ಯದ ಪೊಟರೆ

ಅತ್ತಿಮರದಲ್ಲಿ ಮರಕುಟಿಗ ಕೊರೆದ ಪೊಟರೆಯೊಂದನ್ನು ಅಳಿಲಮ್ಮ ನೂರು ಹುಣ್ಣಿಮೆಯ ಅವಧಿಗೆ ಭೋಗ್ಯಕ್ಕೆ ಹಿಡಿದಿದ್ದಳು. ತೊಂಬತ್ತೊಂಬತ್ತು ಕಳೆದದ್ದೇ ತಡ, ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಯಜಮಾನರು ಇನ್ನೇನು ಬಂದು ಹೊರಗೆ ಹಾಕುತ್ತಾರೆಂಬ ಭಯ. ಹೋಗಿ ಒಂದು ಮಾತು ಕೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು, ಕೇಳುವ ಧೈರ್ಯವಿಲ್ಲ. ದೆವ್ವ ಒಳಗೆ ಬಾರದಿರಲೆಂದು ಊರಿನ ಜನ ಬಾಗಿಲ ಮೇಲೆ ಬರೆಯುವುದನ್ನು ನೋಡಿದ್ದಳಲ್ಲ, ಅದನ್ನೇ ತನ್ನ ಬಾಗಿಲ ಮೇಲೂ ಹಲ್ಲಿನಿಂದ ಕೆತ್ತಿದಳು: "ನಾಳೆ ಬಾ."

ಹುಣ್ಣಿಮೆಗೆ ಎರಡು ದಿನವಿದ್ದಾಗ ಮರಕುಟಿಗ ಬಂದು ಟಕಟಕ ಬಡಿದ. ಬರಹ ಓದಿದ. ಬರೆದ ಮಾತಿಗೆ ಬೆಲೆ ಕೊಡುವ ಆಸಾಮಿ, ಸುಮ್ಮನೆ ಹಿಂದಿರುಗಿದ. ಮರುದಿನವೂ ಅದೇ ಕಥೆ. ಹುಣ್ಣಿಮೆಯ ದಿನ ಬಹಳ ಹೊತ್ತು ಬಡಿದ. ಒಳಗೆ ಅಳಿಲಮ್ಮ ಬಾಲ ಕಚ್ಚಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದಳು.

ಬೆಳಗ್ಗೆ "ಗೆದ್ದೆ!" ಎಂದು ಹೊರಬಂದರೆ ಪಕ್ಕದ ಪೊಟರೆಯ ಗಿಳಿ ಕೇಳಿತು: "ನಿಮಗೂ ಇನ್ನೂ ನೂರು ಹುಣ್ಣಿಮೆ ಬರೆದುಕೊಟ್ಟರೇನಕ್ಕಾ? ನಮಗೆಲ್ಲ ಕೊಟ್ಟರು."

ಅಳಿಲಮ್ಮ ಎದ್ದೆನೋ ಬಿದ್ದೆನೋ ಎಂದು ಮರಕುಟಿಗನ ಬಳಿಗೆ ಓಡಿದಳು. "ಯಜಮಾನರೇ, ನನ್ನದು?"

"ಮೂರು ದಿನ ಹೊಸ ಕರಾರು ಹಿಡಿದುಕೊಂಡೇ ಬಂದೆನಮ್ಮ. ನಿಮ್ಮ ಅವಧಿ ನಿನ್ನೆಗೆ ಮುಗಿಯಿತು. ಪೊಟರೆಯನ್ನು ಈಗಷ್ಟೇ ಗೊರವಂಕಕ್ಕೆ ಒಪ್ಪಿಸಿದೆ."

ಓಡೋಡಿ ಹಿಂದಿರುಗುವಷ್ಟರಲ್ಲಿ ಗೊರವಂಕದ ಸಂಸಾರ ಒಳಸೇರಿ ಬಾಗಿಲು ಹಾಕಿಕೊಂಡಿತ್ತು. ಬಡಿಯಲೆಂದು ಕೈಯೆತ್ತಿದ ಅಳಿಲಮ್ಮನ ಕಣ್ಣಿಗೆ ಬಿದ್ದದ್ದು ತನ್ನದೇ ಅಕ್ಷರ: "ನಾಳೆ ಬಾ."