ಬೋರಾಜಮ್ಮನ ಮನೆಯ ಮೂರು ರಾಗಿಕಲ್ಲು

ಇನ್ನೊಂಚೂರು ಹತ್ರ ಬಾ. ಗೋಡೆ ಕಡೆ ಅಲ್ಲ, ನನ್ನ ಕಡೆ ತಿರುಗು. ಇದು ಗಟ್ಟಿ ಗಂಟಲಲ್ಲಿ ಹೇಳೋ ಕತೆ ಅಲ್ಲ ಕಣವ್ವ. ಬೆಳಿಗ್ಗೆ ಎದ್ದು ನಿಮ್ಮವ್ವನ ಮುಂದೆ ಅಜ್ಜಿ ಹಿಂಗಂದ್ಲು ಹಂಗಂದ್ಲು ಅಂತ ಬಾಯಿ ಬಿಟ್ಟೆಯೋ, ನಾಳೆಯಿಂದ ನಿನಗೆ ಕತೆನೂ ಇಲ್ಲ, ಸೆರಗಲ್ಲಿ ಕಟ್ಟಿಟ್ಟ ಕೊಬ್ರಿ ಚೂರೂ ಇಲ್ಲ. ಆಣೆ ಮಾಡು. ನನ್ನ ತಲೆ ಮುಟ್ಟು. ಹ್ಞೂಂ, ಈಗ ಕೇಳು.

ಒಂದಾನೊಂದು ಕಾಲ, ಯಾವ ಕಾಲ ಅಂತ ನನ್ನ ಕೇಳಬೇಡ, ಹೊಳೆ ಎರಡಾಗಿ ಸೀಳ್ಕೊಂಡು ಹೋಗಿ ಮತ್ತೆ ಕೂಡ್ಕೊಳ್ಳೋ ಕಡೆ ನಡುವೆ ಒಂದು ಊರಿತ್ತಂತೆ. ಸುತ್ತ ನೀರು, ಆಚೆ ದಡಕ್ಕೆ ಹೋಗಬೇಕಾದ್ರೆ ಹರಿಗೋಲು. ಮೊದಲು ಎಲ್ಲರ ಮನೆಲೂ ರಾಗಿಕಲ್ಲು ಇತ್ತಂತೆ, ಹೆಂಗಸ್ರು ಕೋಳಿ ಕೂಗೋ ಹೊತ್ತಿಗೆ ಎದ್ದು ಬೀಸ್ತಿದ್ರಂತೆ. ಆಮೇಲೆ ಆಚೆ ದಡದಲ್ಲಿ ಯಾರೋ ದೊಡ್ಡ ಹಿಟ್ಟಿನ ಗಿರಣಿ ಇಟ್ಟನಂತೆ, ಹರಿಗೋಲಲ್ಲಿ ರಾಗಿ ಕಳಿಸಿದ್ರೆ ಸಂಜೆಗೆ ಹಿಟ್ಟು ಬರೋದಂತೆ, ನಮ್ಮ ಹೆಂಗಸ್ರಿಗೆ ಇನ್ನೇನು ಬೇಕು, ಒಬ್ಳು ಮೇಲುಗಲ್ಲು ಎತ್ತಿ ಬಚ್ಚಲಿಗೆ ಹಾಕ್ಕೊಂಡ್ಳಂತೆ, ಇನ್ನೊಬ್ಳು ಕೆಳಗಲ್ಲಿನ ಮೇಲೆ ಬಟ್ಟೆ ಒಗೆದ್ಳಂತೆ, ಹರಿಗೋಲಿನವನು ಒಂದಕ್ಕೆ ಹಗ್ಗ ಕಟ್ಟಿ ನೀರಿಗೆ ಬಿಟ್ಟು ಹರಿಗೋಲು ನಿಲ್ಲಿಸ್ಕೊಳ್ತಿದ್ದನಂತೆ. ಹಿಂಗೆ ಮಾಡಿ ಮಾಡಿ ಊರಲ್ಲಿ ಬೀಸೋ ಕಲ್ಲು ಅಂತ ಉಳಿದಿದ್ದು ಒಂದೇ ಮನೇಲಂತೆ.

ಯಾರ ಮನೆ ಅಂತೀಯಾ? ದುಂಡಮ್ಮ ಅಂತ, ಗಂಡ ಸತ್ತವಳು, ವಯಸ್ಸಿಗೆ ಬಂದ ಒಬ್ಳು ಮಗಳನ್ನ ಇಟ್ಕೊಂಡಿದ್ಲಂತೆ. ಅವಳಿಗೆ ಗಿರಣಿ ಹಿಟ್ಟು ಸೇರ್ತಿರಲಿಲ್ಲ, ಬಿಸಿ ಆಗಿ ಕಮಟು ಹೊಡೀತದೆ ಅಂತಿದ್ಲಂತೆ. ಬೀಸಿ ಬೀಸಿ ಕಲ್ಲು ನುಣ್ಣಗಾದ್ರೆ ಕಾಳು ಜಾರ್ತದಲ್ಲ, ಅದಕ್ಕೆ ವರ್ಷಕ್ಕೊಂದ್ಸಲ ಮಳೆಗೆ ಮುಂಚೆ ಕಲ್ಲು ಕುಟ್ಟೋನು ಬಂದು ಉಳಿ ಹಿಡಿದು ಕಲ್ಲಿನ ಮೈ ಒರಟು ಮಾಡಿ ಹೋಗಬೇಕು. ಊರಲ್ಲೆಲ್ಲ ಅವನನ್ನ ಕರೆಯೋಳು ಇವಳೊಬ್ಳೇ. ಅವನೋ, ಮೀಸೆ ತಿರುವ್ಕೊಂಡು, ತಲೆಗೆ ಕೆಂಪು ವಸ್ತ್ರ ಸುತ್ಕೊಂಡು ಬರೋನಂತೆ. ಒಳಗಿಂದ ಟಕ್ ಟಕ್ ಟಕ್ ಅಂತ ಸದ್ದು, ನಡುನಡುವೆ ನಗು ಬೇರೆ. ಸದ್ದು ನಿಂತ ಮೇಲೂ ಮನುಷ್ಯ ಹೊರಗೆ ಬರ್ತಿರಲಿಲ್ವಂತೆ. ಊಟ ಹಾಕ್ತಿದ್ಲೋ, ಇನ್ನೇನೋ, ನಾನೇನು ಕಿಂಡೀಲಿ ಬಗ್ಗಿ ನೋಡಿದ್ನಾ?

ಬಗ್ಗಿ ನೋಡಿದವಳು ಬೇಲಿ ಆಚೆಯ ಬೋರಾಜಮ್ಮ. ದೊಡ್ಡಮನೆ, ತುಂಬಿದ ಕಣಜ, ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು, ಸೊಂಟದಲ್ಲಿ ಕಣಜದ ಬೀಗದಕೈ. ಬಾವಿಕಟ್ಟೇಲಿ ಕೊಡ ಇಳಿಸಿ ಅಂದ್ಲಂತೆ, ಅಷ್ಟು ಚಿಕ್ಕ ಕಲ್ಲು ಅಷ್ಟೊತ್ತು ಕುಟ್ಟಿಸ್ಕೊಳ್ತದೇನ್ರೇ ಅಂತ. ಅಷ್ಟೇ ಅಂದಿದ್ದು. ಅಂದು ಕೊಡ ಎತ್ಕೊಂಡು ಹೋದ್ಲಂತೆ. ಸಂಜೆ ಹೊತ್ತಿಗೆ ಆ ಮಾತಿಗೆ ಕೈಕಾಲು ಬಂದು, ಇನ್ನೆರಡು ದಿನಕ್ಕೆ ಹರಿಗೋಲು ಹತ್ತಿ ಆಚೆ ದಡಕ್ಕೂ ಹೋಯ್ತಂತೆ, ದುಂಡಮ್ಮನ ಮಗಳನ್ನ ಕೇಳ್ಕೊಂಡು ಬಂದಿದ್ದ ನೆಂಟರು ಅಂಥಾ ಮನೆ ಹೆಣ್ಣು ನಮಗೆ ಬೇಡ ಅಂತ ಎಲೆ ಅಡಿಕೆ ವಾಪಸ್ ಕಳಿಸಿದ್ರಂತೆ. ಆ ಹುಡುಗಿ ಆಮೇಲೆ ಬಾವಿಗೆ ಬರೋದನ್ನೂ ಬಿಟ್ಲಂತೆ. ದುಂಡಮ್ಮನ ಮನೆಯ ಬೆಂಕಿ ತರಬಾರ್ದು, ನೀರು ಮುಟ್ಟಬಾರ್ದು ಅಂತ ಬೋರಾಜಮ್ಮನೇ ಮುಂದೆ ನಿಂತು ಊರಿಗೆಲ್ಲ ಹೇಳಿಸಿದ್ಲಂತೆ.

ನಿದ್ದೆ ಬಂತಾ? ಇನ್ನೂ ಕಲ್ಲೇ ಬಂದಿಲ್ಲ, ಕಣ್ಣು ಬಿಡು.

ಆ ವರ್ಷ ಹೊಳೆ ಉಕ್ಕಿ ಹರಿಗೋಲು ನಿಂತುಹೋಯ್ತಂತೆ. ಕಣಜದಲ್ಲಿ ರಾಗಿ ತುಂಬಿದೆ, ಮನೇಲಿ ಹಿಡಿ ಹಿಟ್ಟಿಲ್ಲ, ದುಂಡಮ್ಮನ ಕಲ್ಲಿನ ಹತ್ರ ಹೋಗೋ ಹಂಗಿಲ್ಲ. ಹುರುಳಿ ಬೇಯಿಸ್ಕೊಂಡು ತಿಂದ್ರಂತೆ. ಹಲ್ಲಿಲ್ಲದ ಮುದುಕರು ಆ ಗುಗ್ಗರಿ ಅಗಿಯೋಕಾಗದೆ ಕೂತ್ಕೊಂಡು ಅತ್ರಂತೆ. ನೀರು ಇಳಿದ ಮೇಲೆ ಬೋರಾಜಮ್ಮ ಮಕ್ಕಳನ್ನ ಕರೆದು, ಮುಂದಿನ ಮಳೆಗೆ ಮುಂಚೆ ನಮ್ಮನೇಲಿ ಕಲ್ಲಿರಬೇಕು ಕಣ್ರೋ, ಹೋಗಿ ತನ್ನಿ ಅಂದ್ಲಂತೆ. ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ, ರಾಗಿಕಲ್ಲು ಅಂದ್ರೆ ಮನೆಗೆ ಬರೋ ಸೊಸೆ ಇದ್ದ ಹಂಗೆ, ಗಂಡಸ್ರೇ ಹೋಗಿ ತರಬೇಕು, ಬೀಸೋ ಹೆಂಗಸು ಹೋಗಿ ಆರಿಸಬಾರ್ದು. ಜೀವಮಾನದಲ್ಲಿ ಒಂದು ಹಿಡಿ ಬೀಸದೋರು ಕಲ್ಲು ಆರಿಸೋಕೆ ಹೊರಟ್ರಂತೆ. ಇದಕ್ಕೆ ಅಳಬೇಕೋ ನಗಬೇಕೋ ನೀನೇ ಹೇಳು.

ಹಿರೀಮಗ ಜವರ, ದೊಡ್ಡಮನೆಗೆ ದೊಡ್ಡದೇ ಬೇಕು ಅಂತ ಬೆಟ್ಟಕ್ಕೆ ಹೋಗಿ ಗಾಡಿಚಕ್ರದಷ್ಟು ಅಗಲದ ಕರೀಕಲ್ಲು ತಂದನಂತೆ. ಆಮೇಲೆ ನಡುವಲ ಮಗ ಮಂಚ, ಅಣ್ಣನಿಗಿಂತ ನಾನೇನು ಕಮ್ಮಿ ಅಂತ ಸಂತೆಗೆ ಹೋಗಿ ಕಬ್ಬಿಣದ ಕೈಗಿರಣಿ ತಂದನಂತೆ, ಹಲಗೆಗೆ ಬಿಗಿದು ಹಿಡಿ ತಿರುಗಿಸೋದು, ಕೆಂಪು ಬಣ್ಣ ಬಳಿದಿದ್ರು. ಸಂತೇಲಿ ಮಾರೋನು ಜೋಳ ಹಾಕಿ ಗರಗರ ತಿರುಗಿಸಿ ತೋರಿಸಿದ್ನಂತೆ, ಇವನು ಬಾಯಿ ಬಿಟ್ಕೊಂಡು ನೋಡಿದ್ನಂತೆ. ಆಮೇಲೆ ಕಿರೀಮಗ ಹಲಗ, ಅವನು ಹೆಂಡತಿ ಸಣ್ತಾಯಿ ಮಾತು ಮೀರದೋನು, ನನ್ನವಳು ಬಾಣಂತಿ, ಅವಳ ತೋಳಿಗೆ ಹಗುರವಾಗಿರಲಿ ಅಂತ ಸುತ್ತ ಗಿಳಿ, ಕಮಲ ಕೆತ್ತಿದ ಬೂದುಬಣ್ಣದ ಕಲ್ಲು ತಂದನಂತೆ, ಮುಟ್ಟಿದ್ರೆ ಬೆಣ್ಣೆ.

ಮೂರೂ ಬಂದವಲ್ಲ, ಒಂದೊಂದು ಹಿಡಿ ಹಾಕಿ ತಿರುಗಿಸಿ ನೋಡೋದಲ್ವಾ? ಅಲ್ಲೇ ಕಣವ್ವ ಇರೋದು ಗುಟ್ಟು. ಮೊದಲ ಹಿಡಿ ಯಾರ ಗಂಡ ತಂದ ಕಲ್ಲಿಗೆ ಬೀಳ್ತದೋ ಆ ಸೊಸೆ ಸೊಂಟಕ್ಕೆ ಕಣಜದ ಬೀಗದಕೈ ಹೋಗಬೇಕು, ಅದೂ ಪದ್ಧತಿ. ಬೋರಾಜಮ್ಮನಿಗೆ ಬೀಗದಕೈ ಬಿಡೋಕೆ ಮನಸ್ಸಿಲ್ಲ. ಒಳ್ಳೆ ಗಳಿಗೆ ಬರಲಿ, ಗೌರಿಹಬ್ಬ ಬರಲಿ ಅಂತ ಮೂರು ಕಲ್ಲಿಗೂ ಅರಿಶಿನ ಕುಂಕುಮ ಇಟ್ಟು, ಕೆಂಪು ವಸ್ತ್ರ ಹೊದಿಸಿ, ನಡುಮನೇಲಿ ಸಾಲಾಗಿ ಕೂರಿಸಿದ್ಲಂತೆ. ಬಂದೋರೆಲ್ಲ ಕೈ ಮುಗಿದು ಹೋಗೋರಂತೆ. ಗೌರಿ ಬಂದಳು, ಹೋದಳು, ಹಿಡಿ ಮಾತ್ರ ಬೀಳಲಿಲ್ಲ.

ಆಮೇಲೆ ಹೊಳೆ ಬಂತಂತೆ. ಎಂಥಾ ಹೊಳೆ! ಮರಗಳು ಬೇರು ಮೇಲೆ ಮಾಡ್ಕೊಂಡು ತೇಲಿ ಬಂದ್ವಂತೆ, ಆಚೆ ದಡದ ಗಿರಣಿ ಗೋಡೆ ಕುಸಿದಿದ್ದು ಈಚೆ ದಡಕ್ಕೆ ಕೇಳಿಸ್ತಂತೆ. ಹಸುಗಳೆಲ್ಲ ಆಚೆ ಹುಲ್ಲುಗಾವಲಿಗೆ ಮೇಯೋಕೆ ಹೋಗಿದ್ವು ಅಲ್ಲೇ ಉಳಿದ್ವಂತೆ, ಊರಲ್ಲಿ ಹನಿ ಹಾಲಿಲ್ಲ. ದೊಡ್ಡೋರು ಹುರುಳಿ ತಿಂದಾರು. ಸಣ್ತಾಯಿಯ ಹೆಣ್ಣುಕೂಸು ಏನು ತಿಂದೀತು? ಮದುವೆಯಾಗಿ ಎಷ್ಟೋ ವರ್ಷಕ್ಕೆ ಆ ಮನೇಲಿ ಹುಟ್ಟಿದ ಒಂದೇ ಒಂದು ಜೀವ. ಜ್ವರ ಬಂದು ತಾಯಿಯ ಎದೆಹಾಲು ಬತ್ತಿಹೋಗಿತ್ತು, ಕೂಸು ಬದುಕಿದ್ದೇ ರಾಗಿಸರಿ ಮೇಲೆ. ಸರಿಗೆ ನುಣ್ಣನೆ ಹಿಟ್ಟು ಬೇಕು, ಬಟ್ಟೇಲಿ ಸೋಸೋ ಅಂಥಾ ಹಿಟ್ಟು. ಒರಳಲ್ಲಿ ಕುಟ್ಟಬಾರ್ದಾಗಿತ್ತಾ ಅಂತೀಯಾ? ಕುಟ್ಟಿದ್ರಂತೆ. ತರಿ ಗಂಟಲಿಗೆ ಹತ್ತಿ ಕೂಸು ಉಸಿರು ಕಟ್ಟಿ ನೀಲಿಯಾಯ್ತಂತೆ. ಇನ್ನು ಗಳಿಗೆ ಏನು ನೋಡೋದು, ಬೋರಾಜಮ್ಮ ವಸ್ತ್ರ ಎಳೆದು ಬಿಸಾಕಿದ್ಲಂತೆ.

ಮೊದಲು ಕರೀಕಲ್ಲು. ಅದನ್ನ ಒಬ್ಳು ಅಲ್ಲಾಡಿಸೋಕಾಗಲ್ಲ, ಎದುರುಬದುರು ಇಬ್ರು ಕೂರಬೇಕು. ಹಿರಿಸೊಸೆಗೂ ನಡುವಲ ಸೊಸೆಗೂ ಮಾತಿಲ್ಲ. ಯಾಕಂದ್ರೆ ತುಪ್ಪದ ಗಡಿಗೆ ಖಾಲಿಯಾಗಿದ್ದು ಯಾರಿಂದ ಅಂತ ಜಗಳ, ಖಾಲಿ ಮಾಡಿದ್ದು ಜವರನೇ ಅಂತಾರೆ, ಅದು ಬೇರೆ ಕತೆ. ಇಬ್ರೂ ಮುಖ ತಿರುಗಿಸ್ಕೊಂಡು ಗೂಟ ಹಿಡಿದ್ರಂತೆ, ಇವಳು ಎಳೆದಾಗ ಅವಳು ಎಳೆಯೋದು, ಕಲ್ಲು ನಿಂತಲ್ಲೇ ನಿಂತಿತಂತೆ. ಅತ್ತೆ ಬೈದ ಮೇಲೆ ಇಬ್ರೂ ಸೇರಿ ಜೋರಾಗಿ ಎಳೆದ್ರಂತೆ, ಗೂಟ ಲಟಕ್ ಅಂತ ಮುರಿದು ಇಬ್ರೂ ಹಿಂದಕ್ಕೆ ಬಿದ್ರಂತೆ. ಆಮೇಲೆ ಗಂಡಸ್ರು ಬಂದು ಸಲಾಕೆ ಹಾಕಿ ಮೀಟಿದ್ರೂ ಅದು ಅಲ್ಲಾಡಲಿಲ್ವಂತೆ.

ಆಮೇಲೆ ಕಬ್ಬಿಣದ್ದು. ಮಂಚ ಮುಂದೆ ಬಂದು ಅದರ ಬಾಯಿಗೆ ರಾಗಿ ಸುರಿದು ತಿರುಗಿಸಿದ್ನಂತೆ. ಅದು ಜೋಳಕ್ಕೆ ಮಾಡಿದ್ದು, ರಾಗಿ ಎಷ್ಟು ಸಣ್ಣದು ನೋಡು, ಮೇಲೆ ಹಾಕಿದ್ದು ಹಂಗಂಗೇ ಕೆಳಗೆ ಜರ್ರನೆ ಉದುರಿತಂತೆ. ಬಿಗಿ ಮಾಡೋ ಅಂದ್ರಂತೆ. ಬಿಗಿ ಮಾಡಿದ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿಡಿ ಹಾರಿತಂತೆ, ಬಿದ್ದ ಹಿಟ್ಟಲ್ಲಿ ರಾಗಿಗಿಂತ ಕಬ್ಬಿಣದ ಪುಡಿನೇ ಜಾಸ್ತಿ. ಅದನ್ನ ಕೋಳಿ ಕೂಡ ಮೂಸಿ ಆಚೆ ಹೋಯ್ತಂತೆ. ಮಂಚನ ಹೆಂಡತಿ ಎಲ್ಲರೆದುರಿಗೇ, ಸಂತೇಲಿ ಜೋಳ ನೋಡಿ ಬಂದೆಯಲ್ಲ, ನಿನ್ನವ್ವ ನಿನಗೆ ಜೋಳದ ಮುದ್ದೆ ಇಕ್ಕಿ ಬೆಳೆಸಿದ್ಲಾ ಅಂದ್ಲಂತೆ.

ಆಮೇಲೆ ಗಿಳಿ ಕೆತ್ತಿದ ಕಲ್ಲು. ಸಣ್ತಾಯಿ ಜ್ವರದ ಮೈಲೇ ಎದ್ದು ಬಂದು ಕೂತ್ಲಂತೆ, ಒಂದು ಕೈಲಿ ಗೂಟ ಹಿಡಿದು ತಿರುಗಿಸಿದ್ರೆ ತಿರುಗಿತಂತೆ! ನುಣ್ಣನೆ ಹಿಟ್ಟು ಸುತ್ತಲೂ ಉದುರಿತಂತೆ. ಎಲ್ಲರಿಗೂ ಹೋದ ಜೀವ ಬಂದ ಹಂಗಾಯ್ತಂತೆ, ಹಲಗ ಮೂಲೇಲಿ ನಿಂತು ಅಳ್ತಿದ್ದನಂತೆ. ಹಿಟ್ಟು ಯಾಕೋ ಕೆಂಪಗಿಲ್ಲ, ಬೂದಿ ಇದ್ದ ಹಂಗದೆ ಅಂತ ಯಾರಿಗೂ ಹೊಳೀಲಿಲ್ವಂತೆ. ಅದು ಬಳಪದ ಕಲ್ಲು ಕಣವ್ವ, ರಾಗಿ ಜೊತೆ ತಾನೂ ಸವೆದು ಹಿಟ್ಟಾಗಿತ್ತು. ಸರಿ ಮಾಡಿ ಎರಡು ಬೆರಳಲ್ಲಿ ಕುಡಿಸಿದ್ರಂತೆ. ಗಳಿಗೆ ಹೊತ್ತಿಗೆ ಕೂಸು ವಾಂತಿ ಮಾಡ್ಕೊಂಡು, ಹೊಟ್ಟೆ ಕಲ್ಲಿನ ಹಂಗೆ ಬಿಗಿದ್ಕೊಂಡು ಬಿತ್ತಂತೆ.

ಆವತ್ತಿಂದ ಅದು ಅಳೋದೇ ಬಿಟ್ಟಿತಂತೆ. ಅಳೋ ಕೂಸಿಗೆ ಹೆದರಬಾರ್ದು, ಅಳದೆ ಸುಮ್ಮನೆ ಸೂರು ನೋಡ್ಕೊಂಡು ಮಲಗಿರೋ ಕೂಸಿಗೆ ಹೆದರಬೇಕು. ತುಟಿಗೆ ನೀರಿಟ್ರೆ ಪಕ್ಕದಲ್ಲಿ ಹರಿದು ಹೋಗೋದಂತೆ. ಸಣ್ತಾಯಿ ತೊಡೆ ಮೇಲೆ ಹಾಕ್ಕೊಂಡು ಅದರ ತುಟಿ ಒರೆಸ್ತಾ ಕೂತ್ಲಂತೆ. ಮೂರು ಜನ ಗಂಡುಮಕ್ಕಳು ಮೂರು ಕಲ್ಲಿನ ಪಕ್ಕ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರಂತೆ. ಹೊರಗೆ ಹೊಳೆ ಬುಸುಗುಡ್ತಾ ಇದೆ, ಮನೆ ತುಂಬ ರಾಗಿ, ಒಂದು ಬೊಗಸೆ ಕಾಳು ಹಿಟ್ಟಾಗದೆ ಒಂದು ಜೀವ ಹೋಗ್ತಾ ಇದೆ. ಬೋರಾಜಮ್ಮ ಯಾವ್ಯಾವ ದೇವರಿಗೋ ಮುಡಿಪು ಕಟ್ಟಿದ್ಲಂತೆ. ದೇವರು ಬಂದು ರಾಗಿ ಬೀಸ್ತಾನಾ?

ಆ ಹೊತ್ತಿಗೆ ಬೇಲಿ ಆಚೆಯಿಂದ ಗರ್‍ರ್ ಗರ್‍ರ್ ಅಂತ ಕಲ್ಲು ತಿರುಗೋ ಸದ್ದು ಬಂತಂತೆ. ಮೊದಲೂ ಬರ್ತಿತ್ತು, ಮನೇಲೆಲ್ಲರಿಗೂ ಕೇಳಿಸ್ತಿತ್ತು, ಒಬ್ರೂ ಬಾಯಿ ಬಿಟ್ಟಿರಲಿಲ್ಲ. ಸಣ್ತಾಯಿ ತಲೆ ಎತ್ತಿ ಅತ್ತೆ ಮುಖ ನೋಡಿದ್ಲಂತೆ, ಅಷ್ಟೇ. ಬೋರಾಜಮ್ಮ ಇನ್ನು ಕೂರೋಕಾಗದೆ ಎದ್ಲಂತೆ, ಮಡಿಲಿಗೆ ರಾಗಿ ತುಂಬ್ಕೊಂಡು, ಕೂಸನ್ನ ಹೆಗಲಿಗೆ ಹಾಕ್ಕೊಂಡು, ಮೊಣಕಾಲುದ್ದ ನೀರಲ್ಲಿ ಬೇಲಿ ಸುತ್ಕೊಂಡು ಹೋಗಿ ಆ ಬಾಗಿಲಲ್ಲಿ ನಿಂತ್ಲಂತೆ. ಊರೆಲ್ಲ ಜಗಲಿ ಮೇಲೆ ನಿಂತು ನೋಡಿತಂತೆ. ನೋಡದೆ ಬಿಡ್ತಾರಾ? ನಾನಾಗಿದ್ರೂ ನೋಡ್ತಿದ್ದೆ.

ದುಂಡಮ್ಮ ಬೀಸೋದು ನಿಲ್ಲಿಸಲಿಲ್ವಂತೆ. ಏನು ಬೋರಕ್ಕ, ಈ ಮನೆ ನೀರು ಮುಟ್ಟಬಾರ್ದು ಅಂತ ನೀನೇ ಹೇಳಿಸಿದ್ದಲ್ವಾ, ಕಾಲು ನೆನೆದದಲ್ಲ ಅಂದ್ಲಂತೆ. ಬೋರಾಜಮ್ಮ ಕೂಸನ್ನ ಕಲ್ಲಿನ ಮುಂದೆ ಮಲಗಿಸಿದ್ಲಂತೆ. ಆಗ ದುಂಡಮ್ಮನ ಮಗಳು, ಅದೇ ಎಲೆ ಅಡಿಕೆ ವಾಪಸ್ ಬಂದ ಹುಡುಗಿ, ಒಳಗಿಂದ ಬಂದು ಕೂಸನ್ನ ನೋಡಿ, ಅವ್ವಾ ಆಮೇಲೆ ಬಯ್ಯಿ, ಈಗ ಬೀಸು ಅಂತ ರಾಗಿ ಈಸ್ಕೊಂಡು ತಾನೇ ಕಲ್ಲಿನ ಬಾಯಿಗೆ ಹಿಡಿ ಹಾಕಿದ್ಲಂತೆ. ದುಂಡಮ್ಮ ಅಂದ್ಲಂತೆ, ಸುಮ್ನೆ ನಿಂತ್ಕೊಂಡ್ರೆ ಆಗಲ್ಲ ಬೋರಕ್ಕ, ಎದುರಿಗೆ ಕೂತ್ಕೊ, ಗೂಟ ಹಿಡಿ. ಒಂದೇ ಗೂಟ, ಚಿಕ್ಕದು. ಇವಳ ಕೈ ಮೇಲೆ ಅವಳ ಕೈ ಇಡದೆ ಬೇರೆ ಜಾಗ ಇಲ್ಲ. ಹಿಡಿದ್ಲಂತೆ. ಇಬ್ರೂ ಬೀಸಿದ್ರಂತೆ, ಬೀಸೋ ಪದ ಇಲ್ಲ, ಬೋರಾಜಮ್ಮನ ಕಣ್ಣೀರು ಹಿಟ್ಟಿಗೆ ಬೀಳದ ಹಂಗೆ ಅವಳು ಮುಖ ಓರೆ ಮಾಡ್ಕೊಂಡು ಬೀಸಿದ್ಲಂತೆ.

ಹುಡುಗಿ ಹಿಟ್ಟು ಸೋಸಿ, ಸರಿ ಕಾಸಿ, ಬೆರಳಲ್ಲಿ ಅದ್ದಿ ತುಟಿಗೆ ಸವರಿದ್ಲಂತೆ. ಮೊದಲು ಹರಿದು ಹೋಯ್ತಂತೆ. ಮತ್ತೆ ಸವರಿದ್ಲಂತೆ, ಮತ್ತೂ ಹರಿದು ಹೋಯ್ತಂತೆ. ಆಮೇಲೆ ಇನ್ನೊಂದ್ಸಲ ಸವರಿದಾಗ ಕೂಸು ನಾಲಿಗೆ ಹೊರಗೆ ಹಾಕಿ ನೆಕ್ಕಿತಂತೆ, ನೆಕ್ಕಿ ಇನ್ನೂ ಬೇಕು ಅಂತ ಕಿರ್‍ರೋ ಅಂತ ಅತ್ತಿತಂತೆ. ಆ ಅಳು ಕೇಳಿ ಬೇಲಿ ಆಚೆ ಸಣ್ತಾಯಿ ನೀರಲ್ಲಿ ಬಿದ್ದು ಎದ್ದು ಓಡಿ ಬಂದ್ಲಂತೆ.

ಆಮೇಲೆ ಹೊಳೆ ಇಳೀತಂತೆ, ಹರಿಗೋಲು ಬಂತಂತೆ, ಕೂಸು ಮೈ ತುಂಬ್ಕೊಂಡು ಗುಂಡುಗುಂಡಾಗಿ ನಡುಮನೆ ತುಂಬ ಅಂಬೆಗಾಲು ಇಡ್ತಂತೆ. ಸಣ್ತಾಯಿ ತಾನೇ ಆಚೆ ದಡಕ್ಕೆ ಹೋಗಿ, ಹಿಡಿ ರಾಗಿ ಹಾಕಿ ತಿರುಗಿಸಿ ನೋಡಿ, ಚಿಕ್ಕದೊಂದು ಕಲ್ಲು ತಂದ್ಲಂತೆ, ಬೀಗದಕೈ ಅವಳ ಸೊಂಟಕ್ಕೆ ಹೋಯ್ತಂತೆ. ಎಲ್ಲ ನೆಟ್ಟಗಾಯ್ತು, ಕತೆನೂ ಬೀಸಿ ಆಯ್ತು, ಇನ್ನು ನೀನು ಕಣ್ಣು ಮುಚ್ಚಬೋದು. ಒಂದು ಮಾತು ಮಾತ್ರ ಉಳ್ಕೊಂಡಿದೆ, ಅದು ಯಾರಿಗೂ ಹೇಳೋದಲ್ಲ.

ಬೋರಾಜಮ್ಮ ಬಾಗಿನದ ಮೊರ ಹಿಡ್ಕೊಂಡು, ಸೀರೆ ಕುಪ್ಪಸ ಇಟ್ಕೊಂಡು ದುಂಡಮ್ಮನ ಮನೆಗೆ ಹೋಗಿ, ಬಾವಿಕಟ್ಟೇಲಿ ಏನೋ ಅಂದ್ಬಿಟ್ಟೆ ಕಣೇ ತಾಯಿ, ಮರೆತುಬಿಡು ಅಂದ್ಲಂತೆ. ದುಂಡಮ್ಮ ಮೊರ ಈಸ್ಕೊಳ್ಳಲಿಲ್ವಂತೆ. ಮಗಳು ಒಳಗೆ ಮನೆ ಗುಡಿಸ್ತಾ ಇದ್ಲಂತೆ, ಅವಳನ್ನ ಕೇಳ್ಕೊಂಡು ಆ ಮನೆಗೆ ಮತ್ತೆ ಯಾರೂ ಬಂದಿರಲಿಲ್ಲ. ದುಂಡಮ್ಮ ಅವಳ ಕಡೆ ಒಂದ್ಸಲ ನೋಡಿ, ಆಮೇಲೆ ಬೋರಾಜಮ್ಮನ ಮುಖಕ್ಕೆ ಮುಖ ಕೊಟ್ಟು ಅಂದ್ಲಂತೆ: ನಾನು ಮರೀತೀನಿ ಬುಡು ಬೋರಕ್ಕ, ಆದ್ರೆ ಊರ ಬಾಯಿಗೆ ಹಿಡಿ ಹಾಕಿದೋಳು ನೀನು, ಅದು ಬೀಸಿ ಹಿಟ್ಟಾಗೋಯ್ತು, ಹಿಟ್ಟನ್ನ ತಿರುಗಾ ಕಾಳು ಮಾಡೋ ಕಲ್ಲೇನಾದ್ರೂ ನಿನ್ನ ಮೂರು ಗಂಡುಮಕ್ಳು ತಂದವ್ರಾ?