ಕರಿಯಣ್ಣನ ತೆಪ್ಪದ ಎರಡು ಬದಿ

ಮಕ್ಕಳೇ, ಅದೊಂದು ದೊಡ್ಡ ಕೆರೆ. ಒಂದು ಪಕ್ಕ ಉದ್ದನೆಯ ಏರಿ, ಇನ್ನೊಂದು ಪಕ್ಕ ದಟ್ಟ ಕಾಡು, ನಟ್ಟನಡುವೆ ಅತ್ತಿಮರಗಳ ನಡುಗಡ್ಡೆ. ಹಣ್ಣಿನ ಕಾಲ ಬಂತೆಂದರೆ ಈಜು ಬಾರದ ಪ್ರಾಣಿಗಳೆಲ್ಲ ಏರಿಗೂ ಕಾಡಿಗೂ ನಡುವಿನ ದಡದಲ್ಲಿ ಆಮೆ ಕರಿಯಣ್ಣನ ಬಿದಿರಿನ ತೆಪ್ಪ ಹತ್ತಿ ಅಲ್ಲಿಗೆ ಹೋಗಿಬರುತ್ತಿದ್ದವು.

ಕರಿಯಣ್ಣ ಹಿಂದಿನಿಂದ ತೆಪ್ಪ ನೂಕುತ್ತ ಈಜುವವನು. ಮುಂದೇನಿದೆ ಎಂಬುದು ಅವನಿಗೆ ಕಾಣದು. ಅದಕ್ಕೇ ತೆಪ್ಪದ ಮೂತಿಯಲ್ಲಿ ಒಂದು ಹಕ್ಕಿ ಕೂತು ದಾರಿ ಹೇಳಬೇಕಿತ್ತು. ನಡುಗಡ್ಡೆಗೆ ಹೋಗುವಾಗ ಏರಿ ಎಡಕ್ಕಿತ್ತು. ಹಾಗಾಗಿ ಅವನು ತೆಪ್ಪದ ಎಡಗಡೆಗೆ ‘ಏರಿ ಬದಿ’ ಎಂದೂ ಬಲಗಡೆಗೆ ‘ಕಾಡು ಬದಿ’ ಎಂದೂ ಹೆಸರಿಟ್ಟಿದ್ದ. ಮೂತಿ ತಿರುಗಿಸಿಕೊಂಡು ವಾಪಸು ಬರುವಾಗಲೂ ಎಡಬಲಕ್ಕೆ ಅವೇ ಹೆಸರು! ದಾರಿ ಹೇಳುತ್ತಿದ್ದ ಹಳೆಯ ಮಿಂಚುಳ್ಳಿಗೆ ಇದೆಲ್ಲ ರೂಢಿಯಾಗಿತ್ತು. ಅದು ಬೇರೆ ಕೆರೆಗೆ ಹೋದ ಮೇಲೆ ಆ ಕೆಲಸಕ್ಕೆ ಗೊರವಂಕ ತಿಮ್ಮಕ್ಕ ಬಂದಳು. ಆ ಎರಡು ಹೆಸರು ಬಿಟ್ಟು ಅವಳಿಗೆ ಕರಿಯಣ್ಣ ಬೇರೇನಾದರೂ ಹೇಳಿಕೊಟ್ಟನೇ? ಊಹೂಂ. ಇಷ್ಟೂ ತಿಳಿಯದವರು ಇರುತ್ತಾರೆಯೇ ಎಂಬುದು ಅವನ ಲೆಕ್ಕ.

ಅವಳ ಮೊದಲ ದಿನವೇ ಅಳಿಲು ಸಿಂಗಾರಿ ಮಗಳು ಚಿಕ್ಕಿಯನ್ನು ಕರೆದುಕೊಂಡು ಬೇರೆ ಪ್ರಾಣಿಗಳ ಜೊತೆ ತೆಪ್ಪ ಹತ್ತಿದಳು. ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಹಿಂದಿರುಗುವಾಗ ಸಿಂಗಾರಿ ಸುತ್ತ ಕಣ್ಣಾಡಿಸಿದಳು.

“ಕರಿಯಣ್ಣ, ಈಗ ಏರಿ ಬಲಗಡೆಗೆ ಬಂತಲ್ಲ. ಏರಿ ಬದಿ ಅಂದರೆ ಈಗ ಯಾವುದು?”

ಕರಿಯಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆ ಹುಟ್ಟಿದವರೆಲ್ಲ ತನಗೆ ಪಾಠ ಹೇಳುವುದೇ!

“ಕೂತವರು ಸುಮ್ಮನೆ ಕೂತಿರಬೇಕು. ನೂಕುವವನಿಗೆ ಗೊತ್ತು, ದಾರಿ ಹೇಳುವವಳಿಗೂ ಗೊತ್ತು” ಎಂದ.

ತಿಮ್ಮಕ್ಕನೂ ಕಿಸಕ್ಕನೆ ನಕ್ಕಳು. ಏರಿ ಇರುವ ಕಡೆಯೇ ಏರಿ ಬದಿ, ಅದರಲ್ಲಿ ಕೇಳುವುದೇನು ಬಂತು ಎಂದು ಅವಳು ನಕ್ಕಿದ್ದು. ಕರಿಯಣ್ಣನೋ, ಅವಳು ತನ್ನ ಮಾತನ್ನು ಒಪ್ಪಿಯೇ ನಕ್ಕಳು ಎಂದುಕೊಂಡು ಬೀಗಿದ. ನೋಡಿ ಮಕ್ಕಳೇ, ಒಬ್ಬರಾದರೂ ಬಾಯಿಬಿಟ್ಟು ಕೇಳಬಾರದಿತ್ತೇ? ಸಿಂಗಾರಿ ಪಾಪ, ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.

ನಡುನೀರಿಗೆ ಬಂದಿದ್ದರು. ಮುಂದೆ, ಏರಿಯ ಕಡೆಗೆ, ತೇಲುತ್ತಿದ್ದ ಕೊರಡೊಂದು ಕಣ್ಣು ತೆರೆಯಿತು. ಅದು ಕೊರಡಲ್ಲ, ಮೊಸಳೆ.

“ಮೊಸಳೆ! ಕಾಡು ಬದಿಗೆ ತಿರುಗಿಸು!” ತಿಮ್ಮಕ್ಕ ಕಿರುಚಿದಳು.

ಕರಿಯಣ್ಣ ಇದ್ದಬದ್ದ ಶಕ್ತಿಯೆಲ್ಲ ಹಾಕಿ ತೆಪ್ಪವನ್ನು ಬಲಕ್ಕೆ, ತನ್ನ ‘ಕಾಡು ಬದಿ’ಗೆ ತಿರುಗಿಸಿದ. ಅಯ್ಯೋ, ಮೊಸಳೆ ಇದ್ದದ್ದೇ ಬಲಕ್ಕೆ! ತೆಪ್ಪ ನೆಟ್ಟಗೆ ಅದರ ಬಾಯಿಗೇ ಹೋಯಿತು.

ಲಟಲಟನೆ ಬಿದಿರು ಮುರಿಯಿತು. ಹಣ್ಣು, ಪ್ರಾಣಿಗಳು ಎಲ್ಲ ಚೆಲ್ಲಾಪಿಲ್ಲಿ. ಕರಿಯಣ್ಣ ಮುರಿದ ಬಿದಿರನ್ನೇ ಇನ್ನೂ ನೂಕುತ್ತಿದ್ದ. ಸರಿಯಾಗಿಯೇ ತಿರುಗಿಸಿದೆನಲ್ಲ, ಇದೇನಾಗಿಹೋಯಿತು! ಮುಳುಗುತ್ತಿದ್ದ ಚಿಕ್ಕಿ ಕೀಚೆಂದಾಗಲೇ ಅವನಿಗೆ ಎಚ್ಚರ ಬಂದದ್ದು. ಅವಳನ್ನೂ ಸಿಂಗಾರಿಯನ್ನೂ ಬೆನ್ನಿಗೇರಿಸಿಕೊಂಡ. ಮಿಕ್ಕವರು ಬಿದಿರಿನ ತುಂಡು ಹಿಡಿದು ಹೇಗೋ ದಡ ಸೇರಿದರು.

ದಡಕ್ಕೆ ಬಂದು ಕರಿಯಣ್ಣ ಇಬ್ಬರನ್ನೂ ಬೆನ್ನಿನಿಂದ ಇಳಿಸಿದ.

“ಕಾಡು ಬದಿ ಅಂತ ನಾನು ಸರಿಯಾಗಿಯೇ ಹೇಳಿದೆ” ಎಂದಳು ತಿಮ್ಮಕ್ಕ.

“ನಾನೂ ಕಾಡು ಬದಿಗೇ ತಿರುಗಿಸಿದೆ” ಎಂದ ಕರಿಯಣ್ಣ.

ಶುರುವಾಯಿತು ಜಗಳ. ನಿನ್ನದು ತಪ್ಪು, ನಿನ್ನದು ತಪ್ಪು ಎಂದು ಇಬ್ಬರೂ ಕೂಗಾಡಿದರು. ಮಗಳನ್ನು ನೆಕ್ಕುತ್ತಿದ್ದ ಸಿಂಗಾರಿ ತಲೆಯೆತ್ತಿದಳು.

“ನೀವಿಬ್ಬರೂ ಸರಿಯೇ, ಬಿಡಿ. ನನ್ನ ಮಗಳ ಬಾಲ ಎಲ್ಲಿ?”

ಕರಿಯಣ್ಣ ಆಗ ನೋಡಿದ. ಚಿಕ್ಕಿಗೆ ಬಾಲವಿದ್ದ ಜಾಗದಲ್ಲಿ ಒಂದು ಮೊಂಡು ತುದಿ ಮಾತ್ರ ಇತ್ತು.

ನೀತಿ: ನಮಗೆ ತಿಳಿದಿರುವುದು ಎದುರಿನವರಿಗೂ ಹಾಗೆಯೇ ತಿಳಿದಿದೆ ಎಂದುಕೊಳ್ಳಬಾರದು, ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.